ಮೂರು ಸಲ ಹೇಳಿ ಸಮಕ್ಕೆ ಬರುವುದು: ಕಲ್ಪನಾಸ್ವರಕ್ಕೆ ಮುಕ್ತಾಯ, ಕೋರ್ವೆ ಕಟ್ಟುವ ಬಗೆ

ರಾಮನವಮಿಯ ದಿನಗಳಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲಿನಲ್ಲೋ, ಗಾಯನ ಸಮಾಜದಲ್ಲೋ ಕಛೇರಿ ಕೇಳುತ್ತಾ ಕೂತಾಗ ಹಾಡುವವರನ್ನು ಬಿಟ್ಟು ಸ್ವಲ್ಪ ಹೊತ್ತು ಕೇಳುವವರ ಕೈ ನೋಡಿ. ಗಾಯಕರು ಸ್ವರದ ಒಂದು ತುಣುಕನ್ನು ಎರಡನೇ ಸಲ ಹೇಳುವಾಗಲೇ ಕೆಲವರ ತಲೆ ಅಲ್ಲಾಡಲು ಶುರುವಾಗಿರುತ್ತದೆ. ಮೂರನೆಯದು ಮುಗಿದು ಪಲ್ಲವಿ ಬಿದ್ದ ಕ್ಷಣ ಸಾಲುಸಾಲು ಕೈಗಳು ಒಟ್ಟಿಗೆ ತೊಡೆಯ ಮೇಲೆ ಬೀಳುತ್ತವೆ. ಇವರಲ್ಲಿ ಲೆಕ್ಕ ಬಲ್ಲವರು ಕಡಿಮೆ. ಆದರೂ ಎಲ್ಲರಿಗೂ ತಿಳಿಯುತ್ತದೆ, ಯಾಕೆಂದರೆ ಮೊದಲ ಸಲ ತುಣುಕು ಹೊಸದು, ಎರಡನೇ ಸಲ ಪರಿಚಯದ್ದು, ಮೂರನೇ ಸಲಕ್ಕೆ ಅದು ಎಲ್ಲಿ ಮುಗಿಯಬಹುದೆಂದು ಕಿವಿ ಮೊದಲೇ ಹೋಗಿ ಕಾಯುತ್ತಿರುತ್ತದೆ.

ಈ ಕಾಯಿಸುವಿಕೆಯನ್ನು ಲೆಕ್ಕ ಹಾಕಿ ಕಟ್ಟುವುದು ಹೇಗೆ ಎಂಬುದೇ ಇಲ್ಲಿನ ವಿಷಯ. ಸರಳೆ, ಜಂಟಿ, ಅಲಂಕಾರ ಮುಗಿಸಿ, ಕೆಲವು ವರ್ಣ ಕೃತಿ ಕಲಿತು, ಕಲ್ಪನಾಸ್ವರಕ್ಕೆ (ಆ ಕ್ಷಣಕ್ಕೆ ಕಟ್ಟಿ ಹಾಡುವ ಸ್ವರಗಳಿಗೆ) ಕಾಲಿಡುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ವೀಣೆ, ಪಿಟೀಲು, ಕೊಳಲಿನವರಿಗೂ ಲೆಕ್ಕ ಇದೇ. ಕೈಗೆ ಬಿಡುವಿರುವುದಿಲ್ಲವಾದ್ದರಿಂದ ಅವರು ತಾಳವನ್ನು ಕಾಲಿಗೆ ಕೊಡಬೇಕು, ಅಷ್ಟೇ.

ಮೊದಲು ಮಾತುಗಳನ್ನು ಗೊತ್ತುಮಾಡಿಕೊಳ್ಳೋಣ. ಅಕ್ಷರ ಎಂದರೆ ತಾಳದ ಒಂದು ಎಣಿಕೆ. ಚತುರಶ್ರ ಗತಿಯಲ್ಲಿ ಅದರ ಕಾಲು ಭಾಗವನ್ನು ಇಲ್ಲಿ ಮಾತ್ರೆ ಎಂದು ಕರೆದಿದೆ. ಆದಿತಾಳದ 8 ಅಕ್ಷರಕ್ಕೆ 32 ಮಾತ್ರೆ. ತಾಳದ ಒಂದು ಪೂರ್ತಿ ಸುತ್ತು ಆವರ್ತ, ಅದರ ಮೊದಲ ಎಣಿಕೆ ಸಮ. ಅಲ್ಪವಿರಾಮ ಚಿಹ್ನೆ ( , ) ಎಂದರೆ ಒಂದು ಮಾತ್ರೆಯ ಕಾರ್ವೆ, ಅಂದರೆ ಹೊಸ ಸ್ವರವಿಲ್ಲದ ಜಾಗ. ದೀರ್ಘ ಸ್ವರಕ್ಕೆ ಎರಡು ಮಾತ್ರೆ: ಒಂದು ಸ್ವರಕ್ಕೆ, ಒಂದು ಕಾರ್ವೆಗೆ.

ಮೊದಲ ಹಂತ: ಕೈ ಬೇರೆ, ಬಾಯಿ ಬೇರೆ

ಆದಿತಾಳದ ಲಘುವಿನಲ್ಲಿ ಒಂದು ಘಾತ, ಆಮೇಲೆ ಕಿರುಬೆರಳು, ಉಂಗುರ ಬೆರಳು, ನಡುಬೆರಳು. ನಂತರ ಎರಡು ದ್ರುತ: ಘಾತ, ಅಂಗೈ ತಿರುವುವ ವಿಸರ್ಜಿತ, ಮತ್ತೆ ಘಾತ, ವಿಸರ್ಜಿತ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು, ಬಾಯಿ ಐದೈದರ ತುಣುಕು ಹೇಳುವಾಗಲೂ ಕೈ ನಾಲ್ಕು ನಾಲ್ಕರಲ್ಲೇ ನಡೆಯುವಂತೆ ನೋಡಿಕೊಳ್ಳುವುದು.

ಮೆಟ್ರೋನೋಮನ್ನು ನಿಮಿಷಕ್ಕೆ 40ಕ್ಕೆ ಇಡಿ. ಒಂದು ಬಡಿತಕ್ಕೆ ಒಂದು ಅಕ್ಷರ. ಒಂದು ಆವರ್ತಕ್ಕೆ 12 ಸೆಕೆಂಡ್ ಹಿಡಿಯುತ್ತದೆ. ಅಕ್ಷರಕ್ಕೆ ನಾಲ್ಕು ಮಾತ್ರೆಯಂತೆ ಮೊದಲು ‘ತಕಧಿಮಿ’ ಹೇಳಿ, ಎಂಟು ಸಲ ಹೇಳಿದರೆ ಆವರ್ತ ಮುಗಿಯುತ್ತದೆ. ಕೈ ನಿಲ್ಲಿಸದೆ ಹಾಗೇ ‘ತಕಿಟ’ಕ್ಕೆ ಹೋಗಿ. ಮೂರು 32ಕ್ಕೆ ಸಮನಾಗಿ ಹೊಂದುವುದಿಲ್ಲ. 32 ಸಲ ತಕಿಟ ಹೇಳಿದಾಗ, ಅಂದರೆ ಮೂರು ಆವರ್ತ ಕಳೆದಾಗ, ‘ತ’ ಮತ್ತೆ ಸಮದ ಮೇಲೆ ಬೀಳುತ್ತದೆ. ‘ತಕತಕಿಟ’ ಹೇಳಿದರೆ ಐದು ಆವರ್ತ, ‘ತಕಿಟತಕಧಿಮಿ’ ಹೇಳಿದರೆ ಏಳು ಆವರ್ತ. ಏಳು ಆವರ್ತ ದಾಟಿ ಕೈಬಾಯಿ ಎರಡೂ ಒಟ್ಟಿಗೆ ಸಮಕ್ಕೆ ಬಂದ ದಿನ ಅರ್ಧ ಕೆಲಸ ಆಯಿತೆಂದೇ ಲೆಕ್ಕ. ಅಲ್ಲಿಯವರೆಗೆ ಮುಂದಿನ ಹಂತಕ್ಕೆ ಹೋಗುವ ಆತುರ ಬೇಡ. ಬಸ್ಸಿನಲ್ಲಿ, ಸಿಗ್ನಲ್ಲಿನಲ್ಲಿ ಕೂತಾಗ ಮನಸ್ಸಿನಲ್ಲೇ ಹೇಳಿಕೊಂಡು ಬೆರಳು ಆಡಿಸಬಹುದು. ಬೆಂಗಳೂರಿನಲ್ಲಿ ಇದಕ್ಕೆ ಸಮಯದ ಕೊರತೆಯಂತೂ ಇಲ್ಲ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದೇ: ಕೆಲವು ತುಣುಕಾದ ಮೇಲೆ ಕೈ ಬಾಯಿಯ ಹಿಂದೆ ಹೋಗಿ, ‘ತ’ ಬಂದಲ್ಲೆಲ್ಲ ಬಡಿಯತೊಡಗುತ್ತದೆ. ಪ್ರತಿ ತುಣುಕಿನ ಮೊದಲಕ್ಷರಕ್ಕೆ ಒತ್ತು ಕೊಟ್ಟು ಹೇಳುವ ಅಭ್ಯಾಸದಿಂದ ಇದು ಬರುತ್ತದೆ. ಒತ್ತು ತೆಗೆದು, ಎಲ್ಲ ಅಕ್ಷರವನ್ನೂ ಒಂದೇ ಗಾತ್ರದಲ್ಲಿ ಮೆಲ್ಲಗೆ ಹೇಳಿ. ಕೈ ಸರಿಹೋದ ಮೇಲೆ ಒತ್ತು ಮರಳಿ ತರಬಹುದು.

ಎರಡನೆಯದು: ಅಲಂಕಾರವನ್ನು ಅಂಕಿಯಾಗಿ ನೋಡುವುದು

ಪುರಂದರದಾಸರ ಹೆಸರಿನಲ್ಲಿ ನಡೆದುಬಂದಿರುವ ಪಾಠಕ್ರಮದಲ್ಲಿ ಸಪ್ತತಾಳ ಅಲಂಕಾರಗಳನ್ನು ಮಾಯಾಮಾಳವಗೌಳದಲ್ಲಿ ಎಲ್ಲರೂ ಕಲಿತಿರುತ್ತೇವೆ, ಆಮೇಲೆ ಮಕ್ಕಳ ಪಾಠವೆಂದು ಮರೆತಿರುತ್ತೇವೆ. ವಿನ್ಯಾಸ ಕಲಿಯಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದಿಲ್ಲ. ಧ್ರುವತಾಳದ್ದನ್ನು ತೆಗೆದುಕೊಳ್ಳಿ: ‘ಸರಿಗಮ ಗರಿ ಸರಿಗರಿ ಸರಿಗಮ’. ಸ್ವರದ ಜಾಗದಲ್ಲಿ ಅಂಕಿ ಹಾಕಿದರೆ 1234, 32, 1232, 1234. ತಾಳದ ಅಂಗಗಳಾದ 4, 2, 4, 4 ಸ್ವರದ ಗುಂಪಿನಲ್ಲೇ ಕಾಣುತ್ತವೆ. ಈ 14 ಅಂಕಿಯ ಅಚ್ಚನ್ನು ಒಂದೊಂದೇ ಸ್ವರ ಮೇಲೆ ಸರಿಸುತ್ತಾ ಹೋಗುವುದೇ ಅಲಂಕಾರ. ಏಳು ಸ್ವರದ ರಾಗದಲ್ಲಿ ತಾರ ಷಡ್ಜ ಮುಟ್ಟುವಷ್ಟರಲ್ಲಿ ಐದು ಸಾಲು.

ಅದೇ ಅಚ್ಚನ್ನು ಮೋಹನಕ್ಕೆ ಹಾಕಿ. ಸ, ರಿ, ಗ, ಪ, ದ ಐದೇ ಸ್ವರ. ಮೊದಲ ಸಾಲು ‘ಸರಿಗಪ ಗರಿ ಸರಿಗರಿ ಸರಿಗಪ’, ಎರಡನೆಯದು ‘ರಿಗಪದ ಪಗ ರಿಗಪಗ ರಿಗಪದ’. ಮೂರನೇ ಸಾಲಿಗೇ ತಾರ ಷಡ್ಜ ಸಿಗುತ್ತದೆ. ಅಂಕಿ ಅದೇ, ರಾಗ ಬೇರೆ. ಹೀಗೆ ಏಳು ಅಲಂಕಾರವನ್ನೂ ಮೋಹನ, ಹಂಸಧ್ವನಿ, ಕಲ್ಯಾಣಿಯಲ್ಲಿ ಬರೆದುಕೊಳ್ಳದೆ ಹಾಡಲು ಬಂದರೆ ಬೇಕಾದ ಅಳತೆಯ ತುಣುಕನ್ನು ಆ ಕ್ಷಣಕ್ಕೆ ತೆಗೆಯುವ ಸಲೀಸು ತಾನಾಗಿ ಬರುತ್ತದೆ.

ಮುಕ್ತಾಯದ ಲೆಕ್ಕ

ಮುಕ್ತಾಯ ಎಂದರೆ ಒಂದು ತುಣುಕನ್ನು ಮೂರು ಸಲ ಹೇಳುವುದು, ನಡುವೆ ಎರಡು ಸಲ ಒಂದೇ ಅಳತೆಯ ಕಾರ್ವೆ ಬಿಡುವುದು. ಮೋರ ಎಂದರೂ ಇದೇ. ಒಟ್ಟು ಉದ್ದ = ತುಣುಕು × 3 + ಕಾರ್ವೆ × 2.

ಕೃತಿ ಸಮದಲ್ಲೇ ಶುರುವಾಗುವುದಾದರೆ ಈ ಉದ್ದವನ್ನು 32ರಿಂದ ಕಳೆಯಿರಿ. ಉಳಿದಷ್ಟು ಮಾತ್ರೆ ಸರ್ವಲಘುವಾಗಿ, ಅಂದರೆ ಲೆಕ್ಕದ ಗುಂಪುಗಳಿಲ್ಲದೆ ತಾಳದ ನಡೆಯಲ್ಲೇ ಸರಾಗವಾಗಿ ಹಾಡಿ, ಆಮೇಲೆ ಮುಕ್ತಾಯ ಎತ್ತಿಕೊಳ್ಳಬೇಕು. ಕೈಗೆ ಬೇಗ ಹತ್ತುವ ಕೆಲವು ಅಳತೆಗಳು:

ತುಣುಕು 6, ಕಾರ್ವೆ 3: ಒಟ್ಟು 24. ಉಂಗುರ ಬೆರಳು ಬಿದ್ದ ಕೂಡಲೇ ಎತ್ತಬೇಕು.
ತುಣುಕು 6, ಕಾರ್ವೆ 1: ಒಟ್ಟು 20. ನಡುಬೆರಳು ಬಿದ್ದ ಕೂಡಲೇ.
ತುಣುಕು 5, ಕಾರ್ವೆ 2: ಒಟ್ಟು 19. ನಡುಬೆರಳಿನ ಎರಡನೇ ಮಾತ್ರೆಯಿಂದ.
ತುಣುಕು 5, ಕಾರ್ವೆ 1: ಒಟ್ಟು 17. ನಡುಬೆರಳಿನ ಕೊನೆಯ ಮಾತ್ರೆಯಿಂದ.
ತುಣುಕು 7, ಕಾರ್ವೆ 2: ಒಟ್ಟು 25. ಕಿರುಬೆರಳಿನ ಕೊನೆಯ ಮಾತ್ರೆಯಿಂದ.

ಮೊದಲೆರಡು ಅಕ್ಷರದ ಮೇಲೇ ಶುರುವಾಗುವುದರಿಂದ ಅವುಗಳಿಂದಲೇ ಆರಂಭಿಸಿ. ‘ಕೊನೆಯ ಮಾತ್ರೆಯಿಂದ’ ಎಂದಿರುವವು ಕೇಳಲು ಚೆಂದ, ಎತ್ತಲು ಕಷ್ಟ. ಅವಕ್ಕೊಂದು ಉಪಾಯವಿದೆ: ತುಣುಕಿನ ಮೊದಲ ಸ್ವರವನ್ನು ಮುಂದಿನ ಅಕ್ಷರಕ್ಕೆ ದೂಡುವ ಒತ್ತಿನಂತೆ ಹಾಡಿ. ತುಣುಕಿನ ಎರಡನೇ ಸ್ವರ ಅಕ್ಷರದ ಮೇಲೆ ಸರಿಯಾಗಿ ಕೂರುವುದನ್ನು ಗುರುತಿಟ್ಟುಕೊಂಡರೆ ಸಾಕು.

ಪೂರ್ತಿ ಆವರ್ತವನ್ನೇ ಮುಕ್ತಾಯವಾಗಿಸಬೇಕೆಂದರೆ ಎಲ್ಲ ಕಾರ್ವೆಯೂ ಹೊಂದುವುದಿಲ್ಲ. 32ನ್ನು ಮೂರರಿಂದ ಭಾಗಿಸಿದರೆ 2 ಉಳಿಯುತ್ತದೆ. ಆ ಶೇಷವನ್ನು ಎರಡು ಕಾರ್ವೆ ಸೇರಿ ತುಂಬಬೇಕು. ಹಾಗಾಗಿ ಕಾರ್ವೆ 1, 4, 7 ಹೀಗೆ ಮೂರರ ಅಂತರದಲ್ಲೇ ಇರಬೇಕು: ಕ್ರಮವಾಗಿ ತುಣುಕು 10, 8, 6. ಕಾರ್ವೆ 2 ಇಟ್ಟುಕೊಂಡು 32ಕ್ಕೆ ಎಷ್ಟು ತಿಣುಕಿದರೂ ಬರುವುದಿಲ್ಲ. ಸುಮ್ಮನೆ ರಾತ್ರಿಯಿಡೀ ಬರೆದು ಹರಿಯುವವರಿಗೆ ಈ ಒಂದು ಮಾತು ಗೊತ್ತಿದ್ದರೆ ಎಷ್ಟೋ ಕಾಗದ ಉಳಿಯುತ್ತದೆ.

ಒಂದು ಎಚ್ಚರಿಕೆ. ನಮ್ಮ ಲೆಕ್ಕದಲ್ಲಿ ಸಮದ ಮೇಲೆ ಬೀಳುವುದು ಪಲ್ಲವಿಯ ಮೊದಲ ಸ್ವರ, ಮುಕ್ತಾಯದ ಕೊನೆಯ ಸ್ವರವಲ್ಲ. ಹಿಂದೂಸ್ತಾನಿ ತಿಹಾಯಿಯಲ್ಲಿ ಸಾಮಾನ್ಯವಾಗಿ ಕೊನೆಯ ಪೆಟ್ಟೇ ಸಮದ ಮೇಲೆ ಬೀಳುತ್ತದೆ. 16 ಮಾತ್ರೆಯ (ಅಲ್ಲಿ ಮಾತ್ರೆ ಎಂದರೆ ತಾಳದ ಒಂದು ಎಣಿಕೆ) ತೀನ್‌ತಾಲದಲ್ಲಿ 5-1-5-1-5, ಅಂದರೆ 17, ಸಮದಿಂದ ಹೊರಟು ಮುಂದಿನ ಸಮಕ್ಕೆ ಸರಿಯಾಗಿ ಮುಗಿಯುವುದು ಇದೇ ಕಾರಣಕ್ಕೆ. ಎರಡೂ ಸಂಗೀತ ಕೇಳಿ ಬೆಳೆದವರು ಈ ಎರಡು ಲೆಕ್ಕ ಬೆರೆಸಿಬಿಟ್ಟು ಒಂದು ಮಾತ್ರೆ ಮೊದಲೋ ಆಮೇಲೋ ಬಂದು ಬೀಳುತ್ತಾರೆ. ಎಲ್ಲ ಸರಿಯಿದ್ದೂ ಒಂದೇ ಮಾತ್ರೆ ತಪ್ಪುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದು.

ಒಂದು ಆವರ್ತದ ಕೋರ್ವೆ, ಬಿಡಿಸಿ

ಕೋರ್ವೆಗೆ ಎರಡು ಭಾಗ. ಪೂರ್ವಾಂಗದಲ್ಲಿ ಬೆಳೆಯುವ ಅಥವಾ ಕರಗುವ ತುಣುಕುಗಳು, ಉತ್ತರಾಂಗದಲ್ಲಿ ಮೂರು ಸಲದ ಮುಕ್ತಾಯ. ಉದ್ದದಿಂದ ಗಿಡ್ಡಕ್ಕೆ ಇಳಿದರೆ ಗೋಪುಚ್ಛ ಯತಿ, ಗಿಡ್ಡದಿಂದ ಉದ್ದಕ್ಕೆ ಬೆಳೆದರೆ ಸ್ರೋತೋವಹ. ಕಲಿಯುವವರಿಗೆ ಗೋಪುಚ್ಛ ಸುಲಭ, ಯಾಕೆಂದರೆ ಹೊಸದಾಗಿ ಏನೂ ಹುಟ್ಟಿಸಬೇಕಿಲ್ಲ, ಇರುವುದನ್ನು ತಲೆಯ ಕಡೆಯಿಂದ ಕತ್ತರಿಸುತ್ತಾ ಹೋದರಾಯಿತು.

ಮೋಹನದಲ್ಲಿ, ಆದಿತಾಳದಲ್ಲಿ, ಪಲ್ಲವಿ ಸಮದಲ್ಲಿ ಗಾಂಧಾರದಿಂದ ಶುರುವಾಗುತ್ತದೆ ಎಂದಿಟ್ಟುಕೊಳ್ಳಿ.

ಪೂರ್ವಾಂಗ: ‘ಗಪದಪಗ,’ 6. ತಲೆಯ ಗ ಕತ್ತರಿಸಿ ‘ಪದಪಗ,’ 5. ಮತ್ತೆ ಪ ಕತ್ತರಿಸಿ ‘ದಪಗ,’ 4. ಒಟ್ಟು 15.
ಉತ್ತರಾಂಗ: ‘ಪಗರಿಸರಿ’ 5, ಕಾರ್ವೆ 1, ‘ಪಗರಿಸರಿ’ 5, ಕಾರ್ವೆ 1, ‘ಪಗರಿಸರಿ’ 5. ಒಟ್ಟು 17.

15ಕ್ಕೆ 17 ಸೇರಿ 32. ಉತ್ತರಾಂಗದ ತುಣುಕು ರಿಷಭದಲ್ಲಿ ನಿಲ್ಲುವುದು ಬೇಕೆಂದೇ. ಅಲ್ಲಿಂದ ಪಲ್ಲವಿಯ ಗಾಂಧಾರ ಒಂದೇ ಹೆಜ್ಜೆ. ಎತ್ತಬೇಕಾದ ಸ್ವರದ ಪಕ್ಕದ ಮನೆಯಲ್ಲಿ ತುಣುಕನ್ನು ನಿಲ್ಲಿಸಿದರೆ ಲೆಕ್ಕ ಗೊತ್ತಿಲ್ಲದ ಕಿವಿಗೂ ‘ಇನ್ನು ಪಲ್ಲವಿಯೇ’ ಎಂದು ಅನಿಸುತ್ತದೆ. ದೂರದ ಸ್ವರದಲ್ಲಿ ನಿಲ್ಲಿಸಿದರೆ ಲೆಕ್ಕ ಸರಿಯಿದ್ದೂ ಬಂದು ಬಿದ್ದ ಹಾಗೆ ಕೇಳುತ್ತದೆ.

ಈಗ ಅಕ್ಷರಕ್ಕೆ ನಾಲ್ಕರಂತೆ ಬಿಡಿಸಿ ಬರೆಯೋಣ:

ಘಾತ: ಗ ಪ ದ ಪ
ಕಿರುಬೆರಳು: ಗ , ಪ ದ
ಉಂಗುರ ಬೆರಳು: ಪ ಗ , ದ
ನಡುಬೆರಳು: ಪ ಗ , ಪ
ಘಾತ: ಗ ರಿ ಸ ರಿ
ವಿಸರ್ಜಿತ: , ಪ ಗ ರಿ
ಘಾತ: ಸ ರಿ , ಪ
ವಿಸರ್ಜಿತ: ಗ ರಿ ಸ ರಿ

ಹೀಗೆ ಬರೆದಾಗ ತುಣುಕುಗಳು ಕಣ್ಣಿಗೆ ಒಡೆದು ಕಾಣುತ್ತವೆ, ಆದ್ದರಿಂದ ಹಾಡುವಾಗ ಈ ಹಾಳೆ ನೋಡಬಾರದು. ಇದು ಬೇಕಿರುವುದು ಬೇರೆಯದಕ್ಕೆ. ಪ್ರತಿ ಸಾಲಿನ ಮೊದಲ ಜಾಗವನ್ನಷ್ಟೇ ಓದಿ: ಗ, ಗ, ಪ, ಪ, ಗ, ಕಾರ್ವೆ, ಸ, ಗ. ಕೈ ಬೀಳುವಾಗ ಬಾಯಲ್ಲಿ ಇರಬೇಕಾದದ್ದು ಇವು. ದ್ರುತದ ಮೊದಲ ಘಾತಕ್ಕೆ ಗಾಂಧಾರ ಸಿಕ್ಕಿದರೆ ಪೂರ್ವಾಂಗ ಸರಿಯಾಗಿದೆ ಎಂದು ಅರ್ಥ. ಅದರ ಮುಂದಿನ ವಿಸರ್ಜಿತದಲ್ಲಿ ಅಂಗೈ ಮೇಲಕ್ಕೆ ತಿರುಗುವಾಗ ಬಾಯಲ್ಲಿ ಹೊಸ ಸ್ವರವೇ ಇಲ್ಲ. ಹೆಚ್ಚಿನವರು ಎಡವುವುದು ಇಲ್ಲೇ: ಅಕ್ಷರದ ಮೇಲೆ ಖಾಲಿ ಬಿಡಲು ಮನಸ್ಸು ಒಪ್ಪದೆ ಪಂಚಮವನ್ನು ಒಂದು ಮಾತ್ರೆ ಮೊದಲೇ ಎತ್ತಿಬಿಡುತ್ತಾರೆ. ಈ ಒಂದು ಜಾಗವನ್ನು ಮಾತ್ರ ಬೇರೆಯಾಗಿ, ಐದನೇ ಅಕ್ಷರದಿಂದ ಏಳನೆಯದರವರೆಗೆ, ಇಪ್ಪತ್ತು ಸಲ ಹಾಡಿ.

ಅಭ್ಯಾಸದ ಕ್ರಮ ಹೀಗಿರಲಿ. ಮೊದಲು ಸ್ವರ ಬೇಡ, ಜತಿಯಲ್ಲಿ: ‘ತಕಧಿಮಿತ, ತಕಿಟತ, ತಕತ,’ ಆಮೇಲೆ ಮೂರು ಸಲ ‘ತದಿಗಿಣತೊಂ’, ನಡುವೆ ಒಂದೊಂದು ಮಾತ್ರೆ ಬಿಟ್ಟು. 40ರ ವೇಗದಲ್ಲಿ ಹತ್ತು ಸಲ ಸತತವಾಗಿ ತಪ್ಪದೆ ಬಂದ ಮೇಲೆ ಅದೇ ವೇಗದಲ್ಲಿ ಸ್ವರ. ಆಮೇಲೆ ನಾಲ್ಕು ನಾಲ್ಕು ಏರಿಸುತ್ತಾ 60ರವರೆಗೆ, ಅಲ್ಲಿ ಆವರ್ತ 8 ಸೆಕೆಂಡಿಗೆ ಇಳಿದಿರುತ್ತದೆ. ಕೊನೆಗೆ ಎರಡು ಆವರ್ತ ಸರ್ವಲಘು ಸ್ವರ ಹಾಡಿ, ನಿಲ್ಲಿಸದೆ ಕೋರ್ವೆಗೆ ಬಂದು, ಪಲ್ಲವಿ ಎತ್ತಿ ಅದರ ಸಾಲು ಪೂರ್ತಿ ಹಾಡಬೇಕು. ಕೋರ್ವೆ ಒಂದನ್ನೇ ಕಲಿತು ಪಲ್ಲವಿಯೊಂದಿಗೆ ಕೂಡಿಸದಿದ್ದರೆ ವೇದಿಕೆಯ ಮೇಲೆ ಆ ಬೆಸುಗೆಯೇ ಬಿಡುತ್ತದೆ.

ಎಡುಪ್ಪು ಸಮದಲ್ಲಿ ಇಲ್ಲದಿದ್ದರೆ

ಎಡುಪ್ಪು ಎಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗ. ಆದಿತಾಳದ ಎಷ್ಟೋ ಕೃತಿಗಳು ಸಮದಿಂದ ಅರ್ಧ ಅಕ್ಷರ ಅಥವಾ ಒಂದೂವರೆ ಅಕ್ಷರ ಬಿಟ್ಟು ಶುರುವಾಗುತ್ತವೆ. ಹೊಸ ಕೋರ್ವೆ ಕಟ್ಟುವ ಅಗತ್ಯವಿಲ್ಲ, ಮೇಲಿನದನ್ನೇ ಹಿಗ್ಗಿಸಬಹುದು.

ಅರ್ಧ ಅಕ್ಷರ ಎಂದರೆ 2 ಮಾತ್ರೆ ಹೆಚ್ಚು, ಗುರಿ 34. ಉತ್ತರಾಂಗದ ಕಾರ್ವೆಯನ್ನು 1ರಿಂದ 2ಕ್ಕೆ ಏರಿಸಿ. ಕಾರ್ವೆ ಎರಡು ಕಡೆ ಇರುವುದರಿಂದ 2 ಮಾತ್ರೆ ತಾನಾಗಿ ಸೇರುತ್ತದೆ: 15 + 19 = 34.

ಒಂದೂವರೆ ಅಕ್ಷರ ಎಂದರೆ 6 ಮಾತ್ರೆ, ಗುರಿ 38. ಇಲ್ಲಿ ಕಾರ್ವೆ ಮುಟ್ಟಬೇಡಿ, ತುಣುಕನ್ನು 5ರಿಂದ 7ಕ್ಕೆ ಬೆಳೆಸಿ: ‘ದ, ಪಗರಿಸರಿ’. ತುಣುಕು ಮೂರು ಸಲ ಬರುವುದರಿಂದ 6 ಮಾತ್ರೆ ಸೇರಿತು: 15 + 23 = 38. ಬೇಡವೆಂದರೆ ಉತ್ತರಾಂಗ ಹಾಗೇ ಇಟ್ಟು ಪೂರ್ವಾಂಗದ ಮೂರೂ ತುಣುಕಿನ ಕೊನೆಗೆ ಎರಡೆರಡು ಮಾತ್ರೆ ಕಾರ್ವೆ ಸೇರಿಸಿ 8, 7, 6 ಮಾಡಬಹುದು: 21 + 17, ಅದೂ 38. ಎರಡರಲ್ಲಿ ಎರಡನೆಯದೇ ಒಳ್ಳೆಯದು. ಪೂರ್ವಾಂಗ ಉಸಿರಾಡುತ್ತದೆ, ಗಾಂಧಾರದ ಮೇಲೆ ನಿಲ್ಲಲು ಜಾಗ ಸಿಗುತ್ತದೆ, ಉತ್ತರಾಂಗದ ಬಿಗಿಯೂ ಕೆಡುವುದಿಲ್ಲ.

ನೆನಪಿಡಬೇಕಾದ ಲೆಕ್ಕ: 2 ಮಾತ್ರೆ ಬೇಕಿದ್ದರೆ ಕಾರ್ವೆ, 3 ಬೇಕಿದ್ದರೆ ತುಣುಕಿಗೆ ಒಂದು. 1 ಮಾತ್ರ ಬೇಕಿದ್ದರೆ ತುಣುಕಿಗೆ ಒಂದು ಸೇರಿಸಿ ಕಾರ್ವೆಯಲ್ಲಿ ಒಂದು ಕಳೆಯಿರಿ. ಇಷ್ಟರಲ್ಲೇ ಯಾವ ಎಡುಪ್ಪಿಗೂ ಹೊಂದಿಸಬಹುದು.

ಎರಡು ಕಳೆಯ ಆದಿಯಲ್ಲಿ, ಅಂದರೆ ತಾಳದ ಪ್ರತಿ ಎಣಿಕೆಯನ್ನೂ ಎರಡೆರಡು ಸಲ ಹಾಕುವಾಗ, ಆವರ್ತಕ್ಕೆ 64 ಮಾತ್ರೆ. ಮೊದಲ ದ್ರುತದ ಘಾತದಿಂದ ಮುಂದೆ ಉಳಿಯುವುದು 32, ಅಲ್ಲಿಂದ ಇದೇ ಕೋರ್ವೆ ಎತ್ತಿಕೊಳ್ಳಿ. ತಿಶ್ರ ಗತಿಯಲ್ಲಿ ಅಕ್ಷರಕ್ಕೆ ಮೂರರಂತೆ ಆವರ್ತಕ್ಕೆ 24 ಮಾತ್ರೆ. 32ರ ಕೋರ್ವೆಯನ್ನು ಆ ನಡೆಯಲ್ಲಿ ಮೂರು ಸಲ ಹಾಡಿದರೆ 96, ಸರಿಯಾಗಿ ನಾಲ್ಕು ಆವರ್ತ. ಏಳು ಎಣಿಕೆಯ ಮಿಶ್ರಛಾಪಿನಲ್ಲಿ ಎಣಿಕೆಗೆ ಎರಡರಂತೆ 14 ಮಾತ್ರೆ, ಎರಡು ಆವರ್ತಕ್ಕೆ 28: ತುಣುಕು 8 ಕಾರ್ವೆ 2, ಅಥವಾ ತುಣುಕು 6 ಕಾರ್ವೆ 5.

ಎಲ್ಲಿ ಕೆಡುತ್ತದೆ

ಕಾರ್ವೆ ನುಂಗುವುದೇ ಮೊದಲ ಕಾಯಿಲೆ. ಎರಡು ಮಾತ್ರೆಯ ಕಾರ್ವೆ ಒಂದೂವರೆ ಆಗುತ್ತದೆ, ಕೊನೆಯಲ್ಲಿ ಗಾಯಕರು ಒಂದು ಮಾತ್ರೆ ಮುಂದೆ ಬಂದು, ಪಲ್ಲವಿಯನ್ನು ಎಳೆದು ಸರಿಮಾಡಬೇಕಾಗುತ್ತದೆ. ಕಾರ್ವೆಯನ್ನು ಖಾಲಿ ಎಂದುಕೊಳ್ಳುವುದೇ ಇದಕ್ಕೆ ಮೂಲ. ಅಭ್ಯಾಸದಲ್ಲಿ ಕೊನೆಯ ಸ್ವರದ ಅಕಾರವನ್ನು ಕಾರ್ವೆಯುದ್ದಕ್ಕೂ ಎಳೆದು ತುಂಬಿ. ಅಳತೆ ಕೂತ ಮೇಲೆ ಎಳೆಯುವುದನ್ನು ಬಿಡಿ.

ಮೂರನೇ ಸಲ ಓಡುವುದು ಎರಡನೆಯದು. ದಡ ಕಂಡಾಗ ಕಾಲು ಬೇಗ ಹಾಕಿದ ಹಾಗೆ. ರೆಕಾರ್ಡ್ ಮಾಡಿ ಮೆಟ್ರೋನೋಮಿನ ಜತೆ ಕೇಳಿದರೆ ಮಾತ್ರ ಇದು ಗೊತ್ತಾಗುತ್ತದೆ, ಹಾಡುವಾಗ ಗೊತ್ತಾಗುವುದಿಲ್ಲ.

ಇನ್ನೊಂದು ರಾಗಕ್ಕೆ ಸಂಬಂಧಿಸಿದ್ದು, ಇದೇ ದೊಡ್ಡದು. ತಲೆ ಕತ್ತರಿಸುವ ವಿದ್ಯೆ ಮೋಹನ, ಹಂಸಧ್ವನಿ, ಕಲ್ಯಾಣಿಯಂಥ ರಾಗಗಳಲ್ಲಿ ಸುಖವಾಗಿ ನಡೆಯುತ್ತದೆ, ಯಾಕೆಂದರೆ ಸ್ವರಗಳು ಸಾಲಾಗಿ ಓಡಾಡಬಹುದು. ಆನಂದಭೈರವಿ, ಸಹಾನಗಳಲ್ಲಿ ರಾಗ ಇರುವುದೇ ವಕ್ರ ಪ್ರಯೋಗಗಳಲ್ಲಿ. ಅಲ್ಲಿ ಒಂದು ಸ್ವರ ಕಿತ್ತರೆ ಉಳಿದ ತುಣುಕು ಬೇರೆ ರಾಗದ ಹಾಗೆ ಕೇಳಬಹುದು. ಇಂಥ ರಾಗಗಳಲ್ಲಿ ಸರ್ವಲಘುವಿನಲ್ಲೇ ಹಾಡಿ, ಕೊನೆಗೆ ರಾಗದ ಒಂದು ಸಹಜ ಪ್ರಯೋಗವನ್ನೇ ಕತ್ತರಿಸದೆ ಮೂರು ಸಲ ಹೇಳಿ ನಿಲ್ಲಿಸುವುದು ಲೇಸು. ಲೆಕ್ಕ ಕಾಗದದ ಮೇಲೆ ಸರಿಬಂದ ಮಾತ್ರಕ್ಕೆ ಹಾಡಲು ಯೋಗ್ಯ ಎಂದು ಎಣಿಸಬಾರದು. ಸ್ವರದ ಹೆಸರು ಬಿಟ್ಟು ಅಕಾರದಲ್ಲಿ ಹಾಡಿ ನೋಡಿ. ಆಗಲೂ ರಾಗ ಗುರುತು ಸಿಕ್ಕರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಎಷ್ಟು ಚಮತ್ಕಾರದ ಲೆಕ್ಕವಾದರೂ ಬಿಟ್ಟುಬಿಡಿ.

ಕಛೇರಿಗೆ ಮುಂಚೆ ಮೃದಂಗದವರಿಗೆ ಕೋರ್ವೆಯನ್ನು ಸ್ವರದಲ್ಲಿ ಹಾಡಿ ತೋರಿಸುವುದಕ್ಕಿಂತ ಅಂಕಿಯಲ್ಲಿ ಹೇಳಿ: ‘ಆರು, ಐದು, ನಾಲ್ಕು, ಮೂರೈದು, ಒಂದೊಂದು ಕಾರ್ವೆ, ಸಮಕ್ಕೆ’. ಅಷ್ಟು ಸಾಕು, ಅವರ ಕೈಗೆ ಅದು ಆಗಲೇ ಹೋಗಿರುತ್ತದೆ. ಹೇಳಲು ಸಮಯ ಸಿಗದಿದ್ದರೆ ಪೂರ್ವಾಂಗವನ್ನು ಬಿಡಿಬಿಡಿಯಾಗಿ, ಗುಂಪಿನ ಅಂಚು ಕೇಳುವಂತೆ ಹಾಡಿ. 6 ಆಗಿ 5 ಬಂದಾಗ ಅವರಿಗೆ ಇಳಿಕೆ ಗೊತ್ತಾಗುತ್ತದೆ, ಉತ್ತರಾಂಗದ ಎರಡನೇ ತುಣುಕಿಗೆ ಅವರೂ ಜತೆಯಾಗಿರುತ್ತಾರೆ.